ಅಸಲಿ ಮೆಕಾಯ್ ಯಾರು? ಉಗಿ ಎಂಜಿನ್‌ಗೆ ಎಣ್ಣೆ ಉಣಿಸಿದ ಎಲೈಜಾ ಮತ್ತು ನಿಮ್ಮ ಟರ್ಬೊ ಕಾರು

ಅಪ್ಪಟ ಅಸಲಿ ಮಾಲಿಗೆ ಇಂಗ್ಲಿಷ್‌ನಲ್ಲಿ ರಿಯಲ್ ಮೆಕಾಯ್ ಎನ್ನುತ್ತಾರೆ. ಈ ಮಾತು ಹುಟ್ಟಿದ್ದು ಹೇಗೆ ಎಂದು ಹೇಳುವ ಒಂದು ಫಾರ್ವರ್ಡ್ ಬಹಳ ಕಾಲದಿಂದ ಸುತ್ತುತ್ತಿದೆ. ಅದರ ಕಥೆ ಹೀಗಿದೆ: ಎಲೈಜಾ ಮೆಕಾಯ್ ಎಂಬ ಕಪ್ಪು ಜನಾಂಗದ ಎಂಜಿನಿಯರ್, ಓಡುವ ರೈಲು ಎಂಜಿನ್‌ಗೆ ತಾನಾಗಿಯೇ ಎಣ್ಣೆ ಬೀಳುವ ಸಾಧನವನ್ನು ಕಂಡುಹಿಡಿದರು. ಬೇರೆ ಕಂಪನಿಗಳು ನಕಲು ಮಾಡಿದವು. ನಕಲಿ ಕೈಕೊಟ್ಟಾಗ ರೈಲ್ವೆಯವರು ಇದು ಅಸಲಿ ಮೆಕಾಯೇನಾ ಎಂದು ಕೇಳಿ ಖರೀದಿಸತೊಡಗಿದರು. ಮಾತು ಹಾಗೆಯೇ ಉಳಿದುಕೊಂಡಿತು. ಅವರಿಗಿಂತ ಮೊದಲು ಇಂಥ ಸಾಧನವೇ ಇರಲಿಲ್ಲ ಎಂಬ ಸಾಲೂ ಇದರ ಜೊತೆ ಸೇರಿಕೊಂಡಿದೆ.

ಕಥೆ ಚೆನ್ನಾಗಿದೆ, ಆದರೆ ಅರ್ಧ ಮಾತ್ರ ನಿಜ. ಸುಳ್ಳಿನ ಭಾಗವನ್ನು ತೆಗೆದ ಮೇಲೂ ಉಳಿಯುವ ಮನುಷ್ಯ ಮಾತ್ರ ಫಾರ್ವರ್ಡ್‌ಗಿಂತ ದೊಡ್ಡವರು. ಅವರು ಜೀವನವಿಡೀ ಬಿಡಿಸಿದ ಸಮಸ್ಯೆ ಇವತ್ತು ನಿಮ್ಮ ಮನೆಯ ಮುಂದೆ ನಿಂತಿರುವ ಚಿಕ್ಕ ಟರ್ಬೊ ಕಾರಿನೊಳಗೂ ಇದೆ. ಅದನ್ನು ಅರ್ಥ ಮಾಡಿಕೊಂಡರೆ ಯಾವ ಆಯಿಲ್ ಹಾಕಿಸಬೇಕು, ಯಾವಾಗ ಬದಲಿಸಬೇಕು ಎಂಬ ಗೊಂದಲವೂ ಬಹುಮಟ್ಟಿಗೆ ತಿಳಿಯಾಗುತ್ತದೆ.

ತಪ್ಪಿಸಿಕೊಂಡು ಬಂದವರ ಮಗ

ಎಲೈಜಾ ಹುಟ್ಟಿದ್ದು 1844ರಲ್ಲಿ, ಇಂದಿನ ಕೆನಡಾದ ಒಂಟಾರಿಯೊ ಪ್ರಾಂತ್ಯದ ಕೋಲ್ಚೆಸ್ಟರ್ ಎಂಬ ಊರಿನಲ್ಲಿ. ತಂದೆ ಜಾರ್ಜ್, ತಾಯಿ ಮಿಲ್ಡ್ರೆಡ್. ಇಬ್ಬರೂ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಗುಲಾಮರಾಗಿದ್ದವರು. ಅಲ್ಲಿಂದ ತಪ್ಪಿಸಿಕೊಂಡು ಉತ್ತರಕ್ಕೆ ಬಂದು, ಗಡಿ ದಾಟಿ ಕೆನಡಾ ಸೇರಿದರು. ಕೆನಡಾ ಆಗ ಬ್ರಿಟಿಷರ ಆಡಳಿತದಲ್ಲಿತ್ತು, ಅಲ್ಲಿ ಗುಲಾಮಗಿರಿ ಕಾನೂನುಬಾಹಿರವಾಗಿತ್ತು.

ಅವರು ಬಂದ ದಾರಿಗೆ ಅಂಡರ್‌ಗ್ರೌಂಡ್ ರೈಲ್‌ರೋಡ್ ಎಂದು ಹೆಸರು. ಹೆಸರಿನಲ್ಲಿ ರೈಲು ಇದೆಯಾದರೂ ಅಲ್ಲಿ ಹಳಿಯೂ ಇರಲಿಲ್ಲ, ಬಂಡಿಯೂ ಇರಲಿಲ್ಲ. ತಪ್ಪಿಸಿಕೊಂಡು ಬಂದವರನ್ನು ಹಗಲು ಮನೆಯಲ್ಲಿ ಅಡಗಿಸಿ, ರಾತ್ರಿ ಮುಂದಿನ ಮನೆಗೆ ದಾಟಿಸುತ್ತಿದ್ದ ಜನರ ಗುಪ್ತ ಜಾಲಕ್ಕೆ ಆ ಹೆಸರು ಬಂದಿತ್ತು. ಆ ದಾರಿಯಲ್ಲಿ ಬಂದವರ ಮಗ ಮುಂದೆ ನಿಜವಾದ ರೈಲು ಎಂಜಿನ್‌ಗಳ ಕೆಲಸದಲ್ಲೇ ಹೆಸರು ಮಾಡಿದ.

ಕುಟುಂಬ ನಂತರ ಅಮೆರಿಕಕ್ಕೆ ಮರಳಿ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಎಂಬ ಊರಿನಲ್ಲಿ ನೆಲೆಸಿತು. ಹುಡುಗನಿಗೆ ಯಂತ್ರಗಳನ್ನು ಬಿಚ್ಚುವುದು, ಜೋಡಿಸುವುದು ಎಂದರೆ ಇಷ್ಟ. ಆದರೆ ಆಗಿನ ಅಮೆರಿಕದಲ್ಲಿ ಕಪ್ಪು ಹುಡುಗನೊಬ್ಬ ಎಂಜಿನಿಯರಿಂಗ್ ಕಲಿಯಲು ಬಾಗಿಲುಗಳು ತೆರೆದಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಗುಲಾಮಗಿರಿ ಇನ್ನೂ ಜಾರಿಯಲ್ಲಿತ್ತು. ಹಾಗಾಗಿ ಎಲೈಜಾಗೆ 15 ವರ್ಷವಾದಾಗ ತಂದೆತಾಯಿ ಅವನನ್ನು ಸಮುದ್ರದಾಚೆಯ ಸ್ಕಾಟ್ಲೆಂಡ್‌ಗೆ, ಎಡಿನ್‌ಬರೊ ನಗರಕ್ಕೆ ಕಳುಹಿಸಿದರು. ಅಲ್ಲಿ ಅವನು ಅಪ್ರೆಂಟಿಸ್ ಆಗಿ ಸೇರಿ, ಮೆಕ್ಯಾನಿಕಲ್ ಎಂಜಿನಿಯರ್ ಆಗಿ ಹೊರಬಂದ.

ಎಂಜಿನಿಯರ್ ಕೈಗೆ ಕಲ್ಲಿದ್ದಲಿನ ಸಲಿಕೆ

ಅಮೆರಿಕದ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೆ ಎಲೈಜಾ ಇಪ್ಸಿಲಾಂಟಿಗೆ ಮರಳಿದರು. ಕೈಯಲ್ಲಿ ಎಂಜಿನಿಯರ್ ತರಬೇತಿ ಇತ್ತು, ಎಂಜಿನಿಯರ್ ಕೆಲಸ ಮಾತ್ರ ಸಿಗಲಿಲ್ಲ. ಕಾರಣ ಚರ್ಮದ ಬಣ್ಣ. ಮಿಷಿಗನ್ ಸೆಂಟ್ರಲ್ ರೈಲ್‌ರೋಡ್‌ನಲ್ಲಿ ಅವರಿಗೆ ಸಿಕ್ಕಿದ್ದು ಫೈರ್‌ಮ್ಯಾನ್ ಕೆಲಸ. ಅಂದರೆ ಉಗಿ ಎಂಜಿನ್ನಿನ ಒಲೆಗೆ ಕಲ್ಲಿದ್ದಲು ತುಂಬುವುದು, ಜೊತೆಗೆ ಯಂತ್ರದ ಭಾಗಗಳಿಗೆ ಎಣ್ಣೆ ಹಾಕುವುದು.

ಎಣ್ಣೆ ಹಾಕುವುದು ಕೇಳಲು ಸಣ್ಣ ಕೆಲಸ, ಆದರೆ ರೈಲಿನ ಆಯುಷ್ಯ ಅದರ ಮೇಲೆ ನಿಂತಿತ್ತು. ಉಗಿ ಎಂಜಿನ್ನಿನ ಸಿಲಿಂಡರ್‌ನಲ್ಲಿ ಪಿಸ್ಟನ್ ಹಿಂದೆ ಮುಂದೆ ಓಡುತ್ತಲೇ ಇರುತ್ತದೆ. ಲೋಹಕ್ಕೆ ಲೋಹ ತಾಗದಂತೆ ನಡುವೆ ಜಿಡ್ಡಿನ ತೆಳು ಪದರ ಬೇಕು. ಹಾಕಿದ ಜಿಡ್ಡನ್ನು ಬಿಸಿ ಉಗಿಯೂ ನೀರೂ ತೊಳೆದುಕೊಂಡು ಹೋಗುತ್ತವೆ. ಆಗ ಹೆಚ್ಚಾಗಿ ಬಳಸುತ್ತಿದ್ದದ್ದು ಪ್ರಾಣಿಗಳ ಕೊಬ್ಬು. ಅದು ಉಗಿಯ ಬಿಸಿಗೆ ಒಡೆದು ಆಮ್ಲವಾಗಿ, ಕಾಪಾಡಬೇಕಾದ ಲೋಹವನ್ನೇ ತಿನ್ನುತ್ತಿತ್ತು. ಕೊಬ್ಬು ಹಾಕಲು ಎಂಜಿನ್ ನಿಲ್ಲಬೇಕಿತ್ತು, ಇಲ್ಲವೇ ಇಳಿಜಾರಿನಲ್ಲಿ ಉಗಿ ಬಂದ್ ಮಾಡಿದಾಗ ಒಬ್ಬ ಹೊರಗೆ ಹೋಗಿ ಸುರಿದು ಬರಬೇಕಿತ್ತು. ಎಂಜಿನ್‌ಗೆ ಜಿಡ್ಡಿನ ಅಗತ್ಯ ಹೆಚ್ಚು ಇರುವುದು ಅದು ದುಡಿಯುವಾಗ. ಸಿಗುತ್ತಿದ್ದದ್ದು ಅದು ಸುಮ್ಮನಿರುವಾಗ.

ಈ ಎಡವಟ್ಟನ್ನು ಎಲೈಜಾ ಪ್ರತಿದಿನ ತಮ್ಮ ಕೈಯಲ್ಲೇ ಅನುಭವಿಸುತ್ತಿದ್ದರು. ಬಿಡುವಿನ ವೇಳೆಯಲ್ಲಿ ಪರಿಹಾರ ಹುಡುಕತೊಡಗಿದರು.

1872ರ ಪುಟ್ಟ ಬಟ್ಟಲು

1872ರಲ್ಲಿ ಅವರಿಗೆ ಅಮೆರಿಕದ 129,843ನೇ ಪೇಟೆಂಟ್ ಸಿಕ್ಕಿತು. ಉಗಿ ಎಂಜಿನ್‌ಗಳ ಎಣ್ಣೆ ಬಟ್ಟಲಿನಲ್ಲಿ ಮಾಡಿದ ಸುಧಾರಣೆ ಅದು. ಎಣ್ಣೆ ಬಿಡಲು ಮನುಷ್ಯನ ಕೈ ಬೇಡ, ಉಗಿಯ ಒತ್ತಡವೇ ಆ ಕೆಲಸ ಮಾಡಲಿ ಎಂಬುದು ಅದರ ಹಿಂದಿನ ಯೋಚನೆ. ಹೀಗೆ ಎಂಜಿನ್ ನಿಲ್ಲಿಸದೆ ಎಣ್ಣೆ ಒಳಗೆ ಹೋಗುವಂತಾಯಿತು.

ರೈಲು ಎಂಜಿನ್‌ಗಳಲ್ಲೂ ಹಡಗುಗಳ ಎಂಜಿನ್‌ಗಳಲ್ಲೂ ಇಂಥ ಸಾಧನಗಳು ಬಳಕೆಗೆ ಬಂದವು. ಎಲೈಜಾ ಒಂದು ಪೇಟೆಂಟ್‌ಗೆ ನಿಲ್ಲಲಿಲ್ಲ. ಅದನ್ನು ತಿದ್ದಿದರು, ಮತ್ತೆ ತಿದ್ದಿದರು. ಜೀವನದಲ್ಲಿ ಒಟ್ಟು 57 ಪೇಟೆಂಟ್ ಪಡೆದರು, ಬಹುಪಾಲು ಎಣ್ಣೆ ಉಣಿಸುವ ಸಾಧನಗಳಿಗೆ. ನಡುವೆ ಮಡಚುವ ಇಸ್ತ್ರಿ ಮೇಜು, ಹುಲ್ಲುಹಾಸಿಗೆ ನೀರು ಚಿಮುಕಿಸುವ ಸಾಧನವೂ ಇವೆ. 1882ರಲ್ಲಿ ಡೆಟ್ರಾಯಿಟ್ ನಗರಕ್ಕೆ ಬಂದು ನೆಲೆಸಿದರು, ಕಂಪನಿಗಳಿಗೆ ಸಲಹೆಗಾರರಾದರು.

ಆದರೆ ಕಾರ್ಖಾನೆ ಹಾಕುವಷ್ಟು ಬಂಡವಾಳ ಅವರ ಬಳಿ ಇರಲಿಲ್ಲ. ಎಷ್ಟೋ ಪೇಟೆಂಟ್‌ಗಳ ಹಕ್ಕನ್ನು ಹಣ ಹಾಕುವವರಿಗೆ ಬಿಟ್ಟುಕೊಡಬೇಕಾಯಿತು. ಯೋಚನೆ ಅವರದು, ಲಾಭ ಹೆಚ್ಚಾಗಿ ಬೇರೆಯವರದು.

ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

ಈಗ ಮೊದಲಿನ ಫಾರ್ವರ್ಡ್‌ಗೆ ಬರೋಣ.

ಅವರಿಗಿಂತ ಮೊದಲು ಇಂಥ ಸಾಧನ ಇರಲಿಲ್ಲ ಎಂಬುದು ತಪ್ಪು. ಇಂಗ್ಲೆಂಡಿನ ಜಾನ್ ರಾಮ್ಸ್‌ಬಾಟಮ್ 1860ರಲ್ಲಿ ಮತ್ತು ಜೇಮ್ಸ್ ರಾಸ್ಕೊ 1862ರಲ್ಲಿ ಉಗಿ ಎಂಜಿನ್‌ಗೆ ತಾನಾಗಿ ಎಣ್ಣೆ ಉಣಿಸುವ ಸಾಧನಗಳನ್ನು ಮಾಡಿದ್ದರು. ಎಲೈಜಾ ಮಾಡಿದ್ದು ಸುಧಾರಣೆ, ಮತ್ತು ಸುಮಾರು ಅರ್ಧ ಶತಮಾನ ಬಿಡದೆ ಮಾಡಿದ ಸುಧಾರಣೆ.

ರಿಯಲ್ ಮೆಕಾಯ್ ಮಾತು ಅವರಿಂದ ಬಂತು ಎಂಬುದಕ್ಕೂ ಆಧಾರ ಗಟ್ಟಿಯಿಲ್ಲ. ಇದೇ ಅರ್ಥದ ರಿಯಲ್ ಮೆಕೇ ಎಂಬ ಮಾತು ಸ್ಕಾಟ್ಲೆಂಡಿನಲ್ಲಿ 1856ರಲ್ಲೇ ಅಚ್ಚಾಗಿದೆ. ಆಗ ಎಲೈಜಾಗೆ 12 ವರ್ಷ, ಮೊದಲ ಪೇಟೆಂಟ್‌ಗೆ ಇನ್ನೂ 16 ವರ್ಷ ಬಾಕಿ. ಎಡಿನ್‌ಬರೊದ ಮೆಕೇ ಎಂಬ ವಿಸ್ಕಿ ಕಂಪನಿಯೂ ಆ ಮಾತನ್ನು ತನ್ನ ಪ್ರಚಾರಕ್ಕೆ ಬಳಸಿಕೊಂಡಿತ್ತು. ಎಲೈಜಾ ಹೆಸರು ಈ ಮಾತಿಗೆ ಗಟ್ಟಿಯಾಗಿ ಅಂಟಿದ್ದು ಬಹಳ ತಡವಾಗಿ. 1966ರಲ್ಲಿ ಅಮೆರಿಕದ ಒಂದು ವಿಸ್ಕಿ ಜಾಹೀರಾತು ಅವರನ್ನು ಮತ್ತು ಈ ಮಾತನ್ನು ಒಟ್ಟಿಗೆ ಇಟ್ಟಿತು. ಅಷ್ಟರಲ್ಲಿ ಅವರು ತೀರಿಹೋಗಿ 37 ವರ್ಷವಾಗಿತ್ತು.

ಇನ್ನೂ ಒಂದು ವಿಚಾರ. ಹಕ್ಕು ಮಾರಿದ್ದರಿಂದ ಅವರ ಬಹಳಷ್ಟು ಸಾಧನಗಳ ಮೇಲೆ ಅವರ ಹೆಸರೇ ಇರಲಿಲ್ಲ. ಹೆಸರೇ ಇಲ್ಲದ ಮಾಲನ್ನು ಹೆಸರು ಹಿಡಿದು ಕೇಳುವುದು ಹೇಗೆ?

ಇದರಿಂದ ಅವರ ಗೌರವ ಕಡಿಮೆಯಾಗುವುದಿಲ್ಲ. ಕಪ್ಪು ಜನಾಂಗದ ನಾಯಕ ಬುಕರ್ ಟಿ. ವಾಷಿಂಗ್ಟನ್ 1909ರ ತಮ್ಮ ಪುಸ್ತಕದಲ್ಲಿ, ತಮ್ಮ ಸಮುದಾಯದಲ್ಲಿ ಅತಿ ಹೆಚ್ಚು ಪೇಟೆಂಟ್ ಪಡೆದವರೆಂದು ಎಲೈಜಾರನ್ನು ಗುರುತಿಸಿದ್ದರು. ಅದಕ್ಕೆ ಯಾವ ಗಾದೆಮಾತಿನ ಆಸರೆಯೂ ಬೇಕಾಗಿರಲಿಲ್ಲ.

ಬಿಸಿ ಏರಿದಾಗ ಎಣ್ಣೆ ಸೋತಿತು

ಎಲೈಜಾ 70 ದಾಟಿದಾಗ ಹೊಸ ಸವಾಲು ಎದುರಾಯಿತು. ರೈಲ್ವೆಗಳು ಸೂಪರ್‌ಹೀಟರ್ ಎಂಜಿನ್‌ಗಳಿಗೆ ಬದಲಾಗುತ್ತಿದ್ದವು. ಇವುಗಳಲ್ಲಿ ಉಗಿಯನ್ನು ಮತ್ತೊಮ್ಮೆ ಕಾಯಿಸುತ್ತಾರೆ. ಹಳೆಯ ಎಂಜಿನ್‌ಗಳಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಇರುತ್ತಿದ್ದ ಉಗಿ ಇವುಗಳಲ್ಲಿ 300 ಡಿಗ್ರಿಗೂ ಮೇಲೆ ಹೋಗುತ್ತಿತ್ತು. ಕಲ್ಲಿದ್ದಲು ಉಳಿಯಿತು, ಶಕ್ತಿ ಹೆಚ್ಚಿತು. ಆದರೆ ಅಷ್ಟು ಬಿಸಿಗೆ ಎಣ್ಣೆ ಕರಕಲಾಗಿ ಗಟ್ಟಿಕಟ್ಟಿ, ಜಾರಿಸಬೇಕಾದದ್ದೇ ತಡೆಯಾಗತೊಡಗಿತು.

ಎಲೈಜಾ ಗ್ರಾಫೈಟ್ ಕಡೆ ನೋಡಿದರು. ಪೆನ್ಸಿಲ್ ಕಡ್ಡಿಯಲ್ಲಿರುವ ಆ ಕಪ್ಪು ಪುಡಿ ಬಿಸಿಗೆ ಬೇಗ ಹೆದರುವುದಿಲ್ಲ, ಲೋಹದ ಮೇಲೆ ಜಾರುತ್ತದೆ. ಆದರೆ ಎಣ್ಣೆಯಲ್ಲಿ ಬೆರೆಸಿದರೆ ತಳಕ್ಕೆ ಕೂತು ಕೊಳವೆಯ ಬಾಯಿ ಕಟ್ಟುತ್ತದೆ. ಅದು ಕಟ್ಟಿಕೊಳ್ಳದೆ ಎಣ್ಣೆಯೊಡನೆ ಸಾಗುವಂತೆ ಮಾಡುವ ಸಾಧನಕ್ಕೆ 1915ರಲ್ಲಿ ಪೇಟೆಂಟ್ ಪಡೆದರು. 1920ರಲ್ಲಿ, 76ನೇ ವಯಸ್ಸಿನಲ್ಲಿ, ಕೊನೆಗೂ ತಮ್ಮ ಹೆಸರಿನದೇ ಕಂಪನಿ ತೆರೆದರು.

ಬಿಸಿಯ ಮುಂದೆ ಹಳೆಯ ಎಣ್ಣೆ ನಿಲ್ಲದು ಎಂಬ ಈ ಪಾಠವೇ ನಿಮ್ಮ ಕಾರಿಗೆ ಬೇಕಾದದ್ದು.

ನಿಮ್ಮ ಟರ್ಬೊ ಒಳಗೆ ಏನಾಗುತ್ತದೆ?

ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರದಿಂದ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವುದು ಟರ್ಬೊ ಕೆಲಸ. ಸ್ವಿಸ್ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿ 1905ರಲ್ಲೇ ಈ ಯೋಚನೆಗೆ ಪೇಟೆಂಟ್ ಪಡೆದಿದ್ದರು. ಒಂದು ಲೀಟರ್ ಆಸುಪಾಸಿನ ಪುಟ್ಟ ಪೆಟ್ರೋಲ್ ಎಂಜಿನ್ ದೊಡ್ಡ ಎಂಜಿನ್ನಿನಂತೆ ಎಳೆಯುವುದು ಇದರಿಂದಲೇ.

ಆ ದಂಡ ನಿಮಿಷಕ್ಕೆ 2 ಲಕ್ಷ ಸುತ್ತಿನವರೆಗೂ ತಿರುಗಬಲ್ಲದು. ಜೋರಾಗಿ ಓಡಿಸುವಾಗ ಹೊಗೆಯ ಬಿಸಿ 900 ಡಿಗ್ರಿ ದಾಟಬಲ್ಲದು. ಇಷ್ಟರ ನಡುವೆ ದಂಡವನ್ನು ಹಿಡಿದಿಡುವುದು ಎಂಜಿನ್‌ನಿಂದಲೇ ಬರುವ ಆಯಿಲ್‌ನ ತೆಳು ಪದರ. ಆಯಿಲ್ ಬರುವುದು ತಡವಾದರೆ ಅಥವಾ ಕೊಳೆಯಾಗಿದ್ದರೆ ಬೇರಿಂಗ್ ಸವೆಯುತ್ತದೆ. ಬಿಸಿಗೆ ಕರಕಲಾದರೆ ಕೊಳವೆ ಕಟ್ಟುತ್ತದೆ. ಟರ್ಬೊ ಹೋದರೆ ಬರುವ ಬಿಲ್ಲಿನ ಮುಂದೆ ಆಯಿಲ್ ಬದಲಿಸುವ ಖರ್ಚು ಏನೂ ಅಲ್ಲ.

ಆಯಿಲ್ ಬಗ್ಗೆ ಓಡಾಡುವ ಕೆಲವು ನಂಬಿಕೆಗಳನ್ನು ಈಗ ನೋಡೋಣ.

ದಪ್ಪ ಆಯಿಲ್ ಟರ್ಬೊಗೆ ಒಳ್ಳೆಯದು ಎಂಬುದು ತಪ್ಪು. ಡಬ್ಬದ ಮೇಲಿನ 0ಡಬ್ಲ್ಯು-20 ಅಥವಾ 5ಡಬ್ಲ್ಯು-30ರಲ್ಲಿ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನೂ, ಎರಡನೆಯದು ಬಿಸಿಯಾದಾಗ ಎಷ್ಟು ದಪ್ಪ ಉಳಿಯುತ್ತದೆ ಎಂಬುದನ್ನೂ ಹೇಳುತ್ತದೆ. ನಿಮ್ಮ ಎಂಜಿನ್ನಿನ ಸಂದುಗಳು, ಆಯಿಲ್ ಪಂಪ್ ಎಲ್ಲವೂ ಒಂದು ನಿರ್ದಿಷ್ಟ ದಪ್ಪಕ್ಕೆ ಹೊಂದಿಸಿದವು. ಬೇಕಾದದ್ದಕ್ಕಿಂತ ದಪ್ಪವಾದದ್ದು ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟರ್ಬೊ ತಲುಪಲು ತಡ ಮಾಡುತ್ತದೆ. ಕಾರಿನ ಜೊತೆ ಬಂದ ಓನರ್ಸ್ ಮ್ಯಾನುಯಲ್‌ನಲ್ಲಿ ಇರುವ ಗ್ರೇಡ್ ಹಾಕಿಸಿ.

ಗ್ರೇಡ್ ಹೊಂದಿದರೆ ಯಾವುದಾದರೂ ನಡೆಯುತ್ತದೆ ಎಂಬುದೂ ತಪ್ಪು. ಚಿಕ್ಕ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ, ಕಡಿಮೆ ವೇಗದಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ, ಸ್ಪಾರ್ಕ್ ಬೀಳುವ ಮೊದಲೇ ಇಂಧನ ಹೊತ್ತಿಕೊಳ್ಳುವ ತೊಂದರೆ ಇದೆ. ಅದು ಪಿಸ್ಟನ್ನನ್ನೇ ಒಡೆಯಬಲ್ಲದು. ಆಯಿಲ್‌ನಲ್ಲಿ ಬೆರೆಸುವ ರಾಸಾಯನಿಕಗಳಿಗೂ ಇದಕ್ಕೂ ಸಂಬಂಧವಿದೆ. ಇದನ್ನು ತಡೆಯುವಂತೆ ಪರೀಕ್ಷಿಸಿದ ದರ್ಜೆ ಎಪಿಐ ಎಸ್‌ಪಿ, 2020ರಲ್ಲಿ ಬಂದದ್ದು. ಮ್ಯಾನುಯಲ್ ಕೇಳುವ ದರ್ಜೆ ಡಬ್ಬದ ಮೇಲೆ ಇದೆಯೇ ನೋಡಿ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುವ ಬಿಎಸ್ 6 ಡೀಸೆಲ್ ಕಾರಿಗೆ ಕಡಿಮೆ ಬೂದಿ ಬಿಡುವ ಬೇರೆಯದೇ ಆಯಿಲ್ ಬೇಕು.

ಸಿಂಥೆಟಿಕ್ ಹಾಕಿದರೆ 20,000 ಕಿ.ಮೀ. ಚಿಂತೆಯಿಲ್ಲ ಎಂಬುದನ್ನು ಹಾಗೇ ನಂಬಬೇಡಿ. ಸಿಂಥೆಟಿಕ್ ಆಯಿಲ್ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಅದರೊಳಗೆ ಸೇರುವ ಪೆಟ್ರೋಲ್, ನೀರಿನ ಪಸೆ, ಮಸಿ, ಆಮ್ಲಗಳನ್ನು ಅದೂ ತಡೆಯಲಾರದು. ನಮ್ಮಲ್ಲಿ ಅನೇಕ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂಬ ಲೆಕ್ಕ ಇರುತ್ತದೆ. ನಿಮ್ಮ ಕಾರಿನ ಲೆಕ್ಕವನ್ನು ಅದರ ಮ್ಯಾನುಯಲ್‌ನಲ್ಲೇ ನೋಡಿ. ಧೂಳು, ಭಾರ, ನಿಂತು ನಿಂತು ಸಾಗುವ ಟ್ರಾಫಿಕ್ ಇದ್ದರೆ ಇನ್ನೂ ಬೇಗ ಬದಲಿಸಬೇಕೆಂದು ಅನೇಕ ಮ್ಯಾನುಯಲ್‌ಗಳು ಬೇರೆಯದೇ ಪಟ್ಟಿ ಕೊಡುತ್ತವೆ.

ಕಾರು ಹೆಚ್ಚು ಓಡಿಲ್ಲ, ಆಯಿಲ್ ಹೊಸದಾಗಿಯೇ ಇದೆ ಎಂಬುದು ಅತಿ ದುಬಾರಿ ನಂಬಿಕೆ. ದಿನಾ ಎರಡು ಮೂರು ಕಿ.ಮೀ. ಹೋಗಿ ನಿಲ್ಲಿಸುವ ಕಾರಿನಲ್ಲಿ ಆಯಿಲ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗೆ ಸೇರಿದ ಪೆಟ್ರೋಲ್ ಮತ್ತು ನೀರು ಆವಿಯಾಗಿ ಹೊರಹೋಗುವುದಿಲ್ಲ. ಕಿ.ಮೀ. ಮುಗಿಯದಿದ್ದರೂ ತಿಂಗಳ ಲೆಕ್ಕ ಮುಗಿದರೆ ಬದಲಿಸಲೇಬೇಕು.

ಕಪ್ಪಾದರೆ ಕೆಟ್ಟಿತು, ಹೊಳೆಯುತ್ತಿದ್ದರೆ ಚೆನ್ನಾಗಿದೆ ಎಂಬುದೂ ಸರಿಯಲ್ಲ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಂಡು ಎಂಜಿನ್ ಗೋಡೆಗೆ ಅಂಟದಂತೆ ಮಾಡುವುದು ಆಯಿಲ್ ಕೆಲಸ, ಹಾಗಾಗಿ ಕಪ್ಪಾಗುವುದು ಸಹಜ. ಬಣ್ಣಕ್ಕಿಂತ ಮಟ್ಟ ಮುಖ್ಯ. ತಿಂಗಳಿಗೊಮ್ಮೆ ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ. ಮಟ್ಟ ಇಳಿದಿದ್ದರೆ ತುಂಬಿಸಿ. ತಾನಾಗಿಯೇ ಏರಿದ್ದು ಪೆಟ್ರೋಲ್ ವಾಸನೆ ಬಂದರೆ ಸರ್ವಿಸ್‌ಗೆ ತೋರಿಸಿ. ಕೆಂಪು ಆಯಿಲ್ ದೀಪ ಹೊತ್ತಿದರೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಮನೆಯವರೆಗೆ ಹೋಗೋಣ ಎನ್ನಬೇಡಿ.

ಇನ್ನು ಓಡಿಸುವ ರೀತಿ. ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಮಾಡಬೇಡಿ. ಘಾಟಿ ಹತ್ತಿ ಬಂದ ಮೇಲೆ ಅಥವಾ ಹೆದ್ದಾರಿಯಲ್ಲಿ ಜೋರಾಗಿ ಬಂದ ಮೇಲೆ ಅರ್ಧ, ಒಂದು ನಿಮಿಷ ಎಂಜಿನ್ ಸುಮ್ಮನೆ ಓಡಲು ಬಿಟ್ಟು ಆಫ್ ಮಾಡಿ. ಈಗಿನ ಅನೇಕ ಟರ್ಬೊಗಳಿಗೆ ನೀರಿನ ತಂಪು ಇದೆ. ಆದರೂ ಇದು ಖರ್ಚಿಲ್ಲದ ಒಳ್ಳೆಯ ಅಭ್ಯಾಸ.

ಕೊನೆಯ ವರ್ಷಗಳು

ಎಲೈಜಾ ಬದುಕಿದ ಡೆಟ್ರಾಯಿಟ್ ಅವರ ಕಣ್ಣೆದುರೇ ಕಾರುಗಳ ರಾಜಧಾನಿಯಾಯಿತು. ಅದೇ ಕಾರು ಅವರ ಮನೆಯ ದೀಪವನ್ನೂ ಆರಿಸಿತು. 1922ರಲ್ಲಿ ಅವರೂ ಹೆಂಡತಿ ಮೇರಿಯೂ ಇದ್ದ ಕಾರು ಅಪಘಾತಕ್ಕೀಡಾಯಿತು. 1873ರಿಂದ ಜೊತೆಗಿದ್ದ ಮೇರಿ ಅದರ ಗಾಯಗಳಿಂದ ತೀರಿಕೊಂಡರು. ಎಲೈಜಾ ಚೇತರಿಸಿಕೊಳ್ಳಲೇ ಇಲ್ಲ. 1929ರ ಅಕ್ಟೋಬರ್ 10ರಂದು, 85ನೇ ವಯಸ್ಸಿನಲ್ಲಿ, ಡೆಟ್ರಾಯಿಟ್ ಹೊರವಲಯದ ಎಲೋಯಿಸ್ ಎಂಬ ಸಾರ್ವಜನಿಕ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. 57 ಪೇಟೆಂಟ್ ಪಡೆದವರ ಕೈಯಲ್ಲಿ ಸಂಪತ್ತು ಉಳಿದಿರಲಿಲ್ಲ.

ಮನ್ನಣೆ ತಡವಾಗಿ ಬಂತು. 2001ರಲ್ಲಿ ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವಪಟ್ಟಿಗೆ ಅವರ ಹೆಸರು ಸೇರಿತು. 2012ರಲ್ಲಿ ಡೆಟ್ರಾಯಿಟ್‌ನಲ್ಲಿ ತೆರೆದ ಪೇಟೆಂಟ್ ಕಚೇರಿಗೆ ಅವರದೇ ಹೆಸರಿಟ್ಟರು.

ಫಾರ್ವರ್ಡ್ ಮಾಡುವ ಮುನ್ನ

ಅಸಲಿ ಮಾಲು ಕೇಳಿ ಕೊಳ್ಳಬೇಕು ಎಂಬ ಮಟ್ಟಿಗೆ ಫಾರ್ವರ್ಡ್ ಹೇಳುವುದು ಸರಿಯೇ. ನಕಲಿ ಆಯಿಲ್ ನಮ್ಮ ಮಾರುಕಟ್ಟೆಯಲ್ಲೂ ಇದೆ. ಸೀಲ್ ಇರುವ ಡಬ್ಬ ನೋಡಿ, ಬಿಲ್ ಇಸಿದುಕೊಳ್ಳಿ, ನಿಮ್ಮೆದುರೇ ಡಬ್ಬ ತೆರೆಸಿ. ಆದರೆ ಅಸಲಿ ಹೆಸರಿನ ಡಬ್ಬ ತಂದರೆ ಸಾಲದು. ಕಲ್ಲಿದ್ದಲು ಎತ್ತುತ್ತಾ ಎಲೈಜಾ ಕಂಡುಕೊಂಡದ್ದು ಸರಳ: ಯಂತ್ರಕ್ಕೆ ಎಣ್ಣೆ ಬೇಕಾದದ್ದು ನಮಗೆ ಬಿಡುವಾದಾಗ ಅಲ್ಲ, ಅದಕ್ಕೆ ಅಗತ್ಯವಿದ್ದಾಗ. ಅವರು ಒಂದು ಬಟ್ಟಲು ಮಾಡಿ ಅದನ್ನು ಸಾಧಿಸಿದರು. ನಮಗೆ ಅಷ್ಟು ಕಷ್ಟವಿಲ್ಲ. ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಮಡಚಿಟ್ಟ ಮ್ಯಾನುಯಲ್ ತೆಗೆದು, ಆಯಿಲ್ ಪುಟದ ಒಂದು ಫೋಟೊ ಮೊಬೈಲ್‌ನಲ್ಲಿ ಇಟ್ಟುಕೊಂಡರೆ ಸಾಕು. ಮುಂದಿನ ಸರ್ವಿಸ್ ದಿನ ಕೌಂಟರ್‌ನಲ್ಲಿ ಅದನ್ನೇ ತೋರಿಸಿ.